ಬೆಥೂನ್ ಶಾಲೆಯ ಹುಡುಗಿಯರು

1849ರ ಮೇ 7ರಂದು ಕಲ್ಕತ್ತೆಯ ಸಿಮುಲಿಯಾ ಭಾಗದಲ್ಲಿ, ದಕ್ಷಿಣಾರಂಜನ ಮುಖರ್ಜಿ ಎಂಬ ಶ್ರೀಮಂತರ ಬೈಠಕ್‌ಖಾನೆಯಲ್ಲಿ 21 ಪುಟ್ಟ ಹುಡುಗಿಯರನ್ನು ಕೂರಿಸಿ ಒಂದು ಶಾಲೆ ಶುರುಮಾಡಿದರು. ಹುಡುಗಿಯರು ಎಲ್ಲರೂ ಮೇಲ್ಜಾತಿಯ ಹಿಂದೂ ಮನೆಗಳವರು. ಶಾಲೆ ತೆರೆದವರು ಗವರ್ನರ್ ಜನರಲ್ ಅವರ ಮಂಡಳಿಯ ಕಾನೂನು ಸದಸ್ಯ ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್. ಮದುವೆಯಾಗದ, ನಲವತ್ತೆಂಟರ ಆಸುಪಾಸಿನ, ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಇಂಗ್ಲಿಷ್ ಸಾಹೇಬ. ಹಿಂದುಸ್ತಾನಕ್ಕೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು.

ಅದೇ ವರ್ಷ ಕಲ್ಕತ್ತೆಯ ಬಿಳಿಯರು ಈ ಮನುಷ್ಯನ ಮೇಲೆ ಕೆಂಡ ಕಾರುತ್ತಿದ್ದರು. ಜಿಲ್ಲೆಗಳಲ್ಲಿದ್ದ ಯುರೋಪಿಯನ್ನರನ್ನೂ ಕಂಪನಿಯ ಫೌಜುದಾರಿ ಕೋರ್ಟುಗಳ ಅಧೀನಕ್ಕೆ ತರುವ ಕರಡು ಮಸೂದೆಗಳನ್ನು ಬೆಥೂನ್ ಬರೆದಿದ್ದರು. ನೀಲಿ ತೋಟದ ದೊರೆಗಳು ಅವಕ್ಕೆ ‘ಕರಾಳ ಕಾಯಿದೆ’ ಎಂದು ಹೆಸರಿಟ್ಟು, ಸಭೆ ಸೇರಿಸಿ, ಪತ್ರಿಕೆಗಳಲ್ಲಿ ಬೈದು, ಕೊನೆಗೆ ಕರಡುಗಳನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ಮಸೂದೆಯ ಪರವಾಗಿ ಕಿರುಹೊತ್ತಿಗೆ ಬರೆದ ರಾಮಗೋಪಾಲ ಘೋಷರನ್ನು ಕೃಷಿ ಮತ್ತು ತೋಟಗಾರಿಕೆ ಸಂಘದ ಉಪಾಧ್ಯಕ್ಷ ಸ್ಥಾನದಿಂದ ಕಿತ್ತುಹಾಕಿದರು. ಈ ರಾಮಗೋಪಾಲರೇ ಬೆಥೂನರ ಶಾಲೆಗೆ ಬೆನ್ನೆಲುಬಾಗಿ ನಿಂತವರಲ್ಲಿ ಒಬ್ಬರು. ಬಿಳಿಯರಿಗೂ ಕರಿಯರಿಗೂ ಒಂದೇ ಕೋರ್ಟು ಇರಲಿ ಎಂಬ ವಾದವೂ ಹೆಣ್ಣುಮಕ್ಕಳು ಓದಲಿ ಎಂಬ ವಾದವೂ ಒಂದೇ ಗುಂಪಿನಿಂದ ಬಂದವು. ಮೂವತ್ತನಾಲ್ಕು ವರ್ಷಗಳ ನಂತರ ಇವೆರಡೂ ಇದೇ ಶಾಲೆಯ ಅಂಗಳದಲ್ಲಿ ಮತ್ತೆ ಎದುರಾದವು. ಆ ಕತೆ ಮುಂದೆ ಬರುತ್ತದೆ.

ಹೆಣ್ಣುಮಕ್ಕಳ ಶಾಲೆ ಬಂಗಾಳಕ್ಕೆ ಹೊಸದಾಗಿರಲಿಲ್ಲ. ಮೇರಿ ಆನ್ ಕುಕ್ ಎಂಬ ಮಿಷನರಿ ಹೆಂಗಸು 1820ರ ದಶಕದಲ್ಲೇ ಕಲ್ಕತ್ತೆಯ ಓಣಿಗಳಲ್ಲಿ ಪಾಠ ಹೇಳಿಕೊಟ್ಟಿದ್ದರು. ಆದರೆ ಅಲ್ಲಿಗೆ ಬರುತ್ತಿದ್ದವರು ಬಡವರ ಮಕ್ಕಳು. ಬೈಬಲ್ ಇರುವ ಕಡೆ ಕುಲೀನರು ಮಗಳನ್ನು ಕಳಿಸುತ್ತಿರಲಿಲ್ಲ. 1847ರಲ್ಲಿ ಬಾರಾಸತ್ ಎಂಬ ಪಕ್ಕದ ಊರಿನಲ್ಲಿ ಪ್ಯಾರಿಚರಣ ಸರ್ಕಾರ್ ಮತ್ತು ಗೆಳೆಯರು ಹೆಣ್ಣುಮಕ್ಕಳಿಗೆ ಶಾಲೆ ತೆರೆದು ಜಾತಿಯವರ ಬಹಿಷ್ಕಾರ ಉಂಡಿದ್ದರು. ಬೆಥೂನ್ ಅದನ್ನು ಹೋಗಿ ನೋಡಿ ಬಂದರು. ತಮ್ಮ ಶಾಲೆಯಲ್ಲಿ ಮತದ ಪಾಠ ಇರುವುದಿಲ್ಲ, ಬಂಗಾಳಿಯಲ್ಲೇ ಪಾಠ, ಇಂಗ್ಲಿಷ್ ಬೇಕೆಂದು ತಂದೆತಾಯಿ ಕೇಳಿದರೆ ಮಾತ್ರ ಎಂದು ಮೊದಲೇ ಸಾರಿದರು. ಬಂಗಾಳಿಯ ಮೇಲೆ ಅವರಿಗಿದ್ದ ಒಲವು ತೋರಿಕೆಯದಲ್ಲ. ಇಂಗ್ಲಿಷಿನಲ್ಲಿ ಕಾವ್ಯ ಬರೆದು ಕಳಿಸಿದ ಮೈಕೇಲ್ ಮಧುಸೂದನ ದತ್ತರಿಗೆ, ನಿನ್ನ ಭಾಷೆಯಲ್ಲಿ ಬರೆ ಎಂದು ಅದೇ ವರ್ಷ ಬುದ್ಧಿ ಹೇಳಿದವರೂ ಇವರೇ.

ಮೊದಲು ದಾಖಲಾದವರು ಭುವನಮಾಲಾ ಮತ್ತು ಕುಂದಮಾಲಾ ಎಂಬ ಅಕ್ಕತಂಗಿಯರು. ಅವರ ತಂದೆ ಮದನಮೋಹನ ತರ್ಕಾಲಂಕಾರ, ಸಂಸ್ಕೃತ ಕಾಲೇಜಿನ ಪಂಡಿತರು. ಮಕ್ಕಳನ್ನು ಕಳಿಸಿದ್ದು ಸಾಲದೆಂದು ತಾವೇ ಬಂದು ಸಂಬಳವಿಲ್ಲದೆ ಪಾಠ ಹೇಳಿದರು. ಹುಡುಗಿಯರ ಕೈಗೆ ಕೊಡಲು ಪುಸ್ತಕವೇ ಇಲ್ಲವೆಂದು ‘ಶಿಶುಶಿಕ್ಷಾ’ ಎಂಬ ಪಾಠಮಾಲೆ ಬರೆದರು. ಮುಂದೆ ಬಂಗಾಳದ ಗಂಡುಮಕ್ಕಳೂ ಅದನ್ನೇ ಓದಿ ಅಕ್ಷರ ಕಲಿತರು. ಇಷ್ಟಕ್ಕೆಲ್ಲ ಪಂಡಿತರಿಗೆ ಸಿಕ್ಕ ಬಹುಮಾನವೆಂದರೆ ಸ್ವಂತ ಊರಿನಲ್ಲಿ ಬಹಿಷ್ಕಾರ. ಓದಿದ ಹುಡುಗಿಗೆ ವೈಧವ್ಯ ಬರುತ್ತದೆ ಎಂಬ ನಂಬಿಕೆ ಆಗ ಮನೆಮನೆಯಲ್ಲೂ ಇತ್ತು. ಹುಡುಗಿಯರ ಸಂಖ್ಯೆ ಒಂದು ಹಂತದಲ್ಲಿ ಬೆರಳೆಣಿಕೆಗೆ ಇಳಿಯಿತು.

ಬೆಥೂನ್ ಬಿಡಲಿಲ್ಲ. ಖರ್ಚನ್ನೆಲ್ಲ ಕೈಯಿಂದ ಹಾಕಿದರು. 1850ರ ಡಿಸೆಂಬರಿನಲ್ಲಿ ಈಶ್ವರಚಂದ್ರ ವಿದ್ಯಾಸಾಗರರನ್ನು ಶಾಲೆಯ ಗೌರವ ಕಾರ್ಯದರ್ಶಿಯಾಗಿ ತಂದರು. ವಿದ್ಯಾಸಾಗರರಿಗೆ ಜನರ ನಾಡಿ ಗೊತ್ತಿತ್ತು. ಹುಡುಗಿಯರನ್ನು ಮನೆಯಿಂದ ಕರೆತರುವ ಕುದುರೆಗಾಡಿಯ ಪಕ್ಕಕ್ಕೆ, ಮಗನಂತೆ ಮಗಳನ್ನೂ ಸಾಕಿ ಶ್ರದ್ಧೆಯಿಂದ ಓದಿಸಬೇಕು ಎಂಬ ಅರ್ಥದ ಮಹಾನಿರ್ವಾಣ ತಂತ್ರದ ಶ್ಲೋಕವನ್ನು ಬರೆಸಿದರು. ಬೀದಿಯಲ್ಲಿ ನಿಂತು ಗಾಡಿಗೆ ಶಾಪ ಹಾಕುವ ಶಾಸ್ತ್ರಿಗಳು ಮೊದಲು ಶಾಸ್ತ್ರವನ್ನು ಓದಿಕೊಳ್ಳಬೇಕಾಯಿತು. 1851ರಲ್ಲಿ ದೇವೇಂದ್ರನಾಥ ಠಾಕೂರರು ಮಗಳು ಸೌದಾಮಿನಿಯನ್ನು ಕಳಿಸಿದರು. ಜೋಡಾಸಾಂಕೋದ ಠಾಕೂರರ ಮನೆಯ ಹುಡುಗಿ ಹೋದಳೆಂದ ಮೇಲೆ ಬೇರೆಯವರಿಗೂ ಧೈರ್ಯ ಬಂತು. ಕಾರ್ನ್‌ವಾಲಿಸ್ ಚೌಕದ ಪಶ್ಚಿಮಕ್ಕೆ, ಹೇದುವಾ ಕೆರೆಯ ಎದುರು ಸ್ವಂತ ಕಟ್ಟಡ ಎದ್ದಿತು. ಅದಕ್ಕೆ ಜಾಗ ದೊರೆತದ್ದು ದಕ್ಷಿಣಾರಂಜನರು ದಾನ ಕೊಟ್ಟ ಬೇರೆ ಭೂಮಿಯನ್ನು ಬದಲಾಯಿಸಿಕೊಂಡು. ಹುಡುಗಿಯರು ಅಲ್ಲಿಗೆ ಹೋಗುವ ಮೊದಲೇ, 1851ರ ಆಗಸ್ಟ್ 12ರಂದು ಬೆಥೂನ್ ತೀರಿಕೊಂಡರು. ಆಸ್ತಿಯನ್ನು ಶಾಲೆಗೆ ಬಿಟ್ಟಿದ್ದರು.

ಶಾಲೆ ಮುಚ್ಚಬಾರದೆಂದು ಗವರ್ನರ್ ಜನರಲ್ ಡಾಲ್‌ಹೌಸಿ ತಾನು ಊರು ಬಿಡುವವರೆಗೂ ಸ್ವಂತ ಜೇಬಿನಿಂದ ಖರ್ಚು ಕೊಟ್ಟರು. ಸಂಸ್ಥಾನಗಳನ್ನು ನುಂಗಿದವನೆಂದು ನಾವು ಪಾಠದಲ್ಲಿ ಓದಿದ ಅದೇ ಡಾಲ್‌ಹೌಸಿ. 1856ರಲ್ಲಿ ಸರ್ಕಾರ ಶಾಲೆಯನ್ನು ವಹಿಸಿಕೊಂಡಿತು. ಹೆಣ್ಣುಮಕ್ಕಳ ಓದಿನ ಹೊಣೆಯನ್ನು ಸರ್ಕಾರ ಹೊತ್ತಿತು ಎಂದು ಇದನ್ನು ಓದಿಕೊಳ್ಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮರುವರ್ಷವೇ ವಿದ್ಯಾಸಾಗರರು ಸರ್ಕಾರದ ಮೌಖಿಕ ಒಪ್ಪಿಗೆ ನಂಬಿ ಹೂಗ್ಲಿ, ಬರ್ದ್ವಾನ್, ಮಿಡ್ನಾಪುರ, ನದಿಯಾ ಜಿಲ್ಲೆಗಳಲ್ಲಿ 35 ಹೆಣ್ಣುಮಕ್ಕಳ ಶಾಲೆ ತೆರೆದಾಗ, ಅವಕ್ಕೆ ಹಣ ಕೊಡಲು ಮೇಲಿನವರು ಒಪ್ಪಲಿಲ್ಲ. ಪಂಡಿತರ ಸಂಬಳದ ಬಾಕಿ ವಿದ್ಯಾಸಾಗರರ ತಲೆಗೇ ಬಂತು. ಸರ್ಕಾರಕ್ಕೆ ರಾಜಧಾನಿಯಲ್ಲಿ ತೋರಿಸಲು ಒಂದು ಶಾಲೆ ಸಾಕಾಗಿತ್ತು.

ಆ ಒಂದು ಶಾಲೆಯೂ ಇಪ್ಪತ್ತು ವರ್ಷ ಮೇಲಕ್ಕೇರಲಿಲ್ಲ. ಹುಡುಗಿಯರು ಐದಾರು ವರ್ಷಕ್ಕೆ ಬರುತ್ತಿದ್ದರು, ಅಕ್ಷರ, ಕೂಡುಕಳೆ, ಹೊಲಿಗೆ ಕಲಿಯುತ್ತಿದ್ದರು, ಹತ್ತರ ಸುಮಾರಿಗೆ ಮದುವೆಯಾಗಿ ಹೋಗುತ್ತಿದ್ದರು. 1866ರಲ್ಲಿ ಇಂಗ್ಲೆಂಡಿನಿಂದ ಬಂದ ಮೇರಿ ಕಾರ್ಪೆಂಟರ್, ಹೆಂಗಸರೇ ಪಾಠ ಹೇಳುವಂತಾಗಬೇಕು, ಅವರಿಗೆ ತರಬೇತಿ ಶಾಲೆ ಬೇಕು ಎಂದರು. ವಿದ್ಯಾಸಾಗರರಿಗೆ ಅದು ಆಗುವ ಮಾತೆಂದು ತೋರಲಿಲ್ಲ. ಮನೆಯಿಂದ ಹೊರಗೆ ಬಂದು ಸಂಬಳಕ್ಕೆ ದುಡಿಯಲು ಕುಲಸ್ಥರ ಹೆಂಗಸರು ಬಂದಾರೆಯೇ ಎಂಬುದು ಅವರ ಸಂಶಯ. ಬೆಥೂನ್ ಶಾಲೆಗೇ ಅಂಟಿಕೊಂಡು ತರಬೇತಿ ಶಾಲೆ ಶುರುವಾಗಿ, 1872ರಲ್ಲಿ ಮುಚ್ಚಿತು. ಅವರ ಸಂಶಯ ನಿಜವಾಯಿತು. ಆದರೆ ಹೆಚ್ಚು ಕಾಲ ನಿಜವಾಗಿ ಉಳಿಯಲಿಲ್ಲ.

ಬದಲಾವಣೆ ಹೊರಗಿನಿಂದ ಬಂತು. 1873ರಲ್ಲಿ ಆನೆಟ್ ಅಕ್ರಾಯ್ಡ್ ಎಂಬ ಇಂಗ್ಲಿಷ್ ತರುಣಿ ಕಲ್ಕತ್ತೆಯಲ್ಲಿ ದೊಡ್ಡ ಹುಡುಗಿಯರಿಗಾಗಿ ಒಂದು ವಸತಿಶಾಲೆ ತೆರೆದರು. ಅವರು ಮದುವೆಯಾಗಿ ಬಿಟ್ಟಮೇಲೆ ಬ್ರಹ್ಮಸಮಾಜದ ಉಗ್ರ ಸುಧಾರಕರಾದ ದ್ವಾರಕಾನಾಥ ಗಂಗೂಲಿ, ದುರ್ಗಾಮೋಹನ ದಾಸ್, ಆನಂದಮೋಹನ ಬೋಸ್ ಅದನ್ನು 1876ರಲ್ಲಿ ‘ಬಂಗ ಮಹಿಳಾ ವಿದ್ಯಾಲಯ’ ಎಂದು ಹೊಸದಾಗಿ ಕಟ್ಟಿದರು. ಅಲ್ಲಿ ಗಂಡುಹುಡುಗರ ಪಠ್ಯವನ್ನೇ ಕಲಿಸಿದರು. ದ್ವಾರಕಾನಾಥರು ಮೇಷ್ಟರಾಗಿದ್ದರು; ಪುಸ್ತಕ ಸಾಲದಿದ್ದರೆ ತಾವೇ ಬರೆಯುವರು. 1878ರ ಆಗಸ್ಟಿನಲ್ಲಿ ಈ ಶಾಲೆ ಬೆಥೂನ್ ಶಾಲೆಯಲ್ಲಿ ಸೇರಿಹೋಯಿತು. ಸರ್ಕಾರಿ ಶಾಲೆಗೆ ಕಟ್ಟಡ, ಹಣ, ಹೆಸರು ಇತ್ತು. ಓದುವ ಹಟ ಇದ್ದ ಹುಡುಗಿಯರು ಬಂದದ್ದು ಈ ಪುಟ್ಟ ಖಾಸಗಿ ಶಾಲೆಯಿಂದ.

ಅವರಲ್ಲಿ ಭಾಗಲ್ಪುರದ ಹೆಡ್‌ಮಾಸ್ಟರರೊಬ್ಬರ ಮಗಳು ಕಾದಂಬಿನಿ ಬಸು ಇದ್ದಳು. ದುರ್ಗಾಮೋಹನರ ಮಗಳು ಸರಳಾ ದಾಸ್ ಜೊತೆಗಾರ್ತಿ. ಇಬ್ಬರೂ ವಿಶ್ವವಿದ್ಯಾಲಯದ ಎಂಟ್ರೆನ್ಸ್ ಪರೀಕ್ಷೆಗೆ ಕೂರಬೇಕೆಂದು ತಯಾರಾದರು. ಅದಕ್ಕೆ ಎರಡು ವರ್ಷ ಮೊದಲು ಡೆಹ್ರಾಡೂನಿನ ಕ್ರಿಶ್ಚಿಯನ್ ಹುಡುಗಿ ಚಂದ್ರಮುಖಿ ಬಸು ಇದೇ ಪರೀಕ್ಷೆಗೆ ಅನುಮತಿ ಕೇಳಿದಾಗ, ಬೇಕಾದರೆ ಬರೆಯಲಿ, ಆದರೆ ಪಾಸಾದವರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ ಎಂದಿದ್ದರು. ಅವಳು ಬರೆದಳು, ಪಾಸಾಗುವಷ್ಟು ಅಂಕ ತೆಗೆದಳು, ಹೆಸರು ಬರಲಿಲ್ಲ. 1878ರ ಏಪ್ರಿಲಿನಲ್ಲಿ ಸೆನೆಟ್ ಸಭೆ ನಿಯಮ ಬದಲಿಸಿತು. ಅಷ್ಟರಲ್ಲಿ ಸರಳೆಗೆ ಮದುವೆಯಾಯಿತು, ಪರೀಕ್ಷೆ ತಪ್ಪಿಹೋಯಿತು. (ಬಹಳ ವರ್ಷಗಳ ಮೇಲೆ, 1920ರಲ್ಲಿ, ಸರಳಾ ರಾಯ್ ಎಂಬ ಹೆಸರಿನಲ್ಲಿ ಆಕೆ ಕಲ್ಕತ್ತೆಯಲ್ಲಿ ಗೋಖಲೆ ಸ್ಮಾರಕ ಬಾಲಿಕಾ ಶಾಲೆ ಕಟ್ಟಿದರು.) ಡಿಸೆಂಬರಿನಲ್ಲಿ ಕಾದಂಬಿನಿ ಒಬ್ಬಳೇ ಪರೀಕ್ಷೆಗೆ ಕೂತಳು. ಒಂದೇ ಒಂದು ಅಂಕದಿಂದ ಮೊದಲ ದರ್ಜೆ ತಪ್ಪಿತು.

ಪಾಸಾದವಳು ಮುಂದೆ ಓದುತ್ತೇನೆ ಎಂದಳು. ಎಲ್ಲಿ ಓದುವುದು? ಸರ್ಕಾರ 1879ರಲ್ಲಿ ಬೆಥೂನ್ ಶಾಲೆಯಲ್ಲೇ ಕಾಲೇಜು ತರಗತಿ ತೆರೆಯಿತು. ವಿದ್ಯಾರ್ಥಿನಿ ಒಬ್ಬಳು, ಅವಳಿಗಾಗಿ ಕಟಕ್‌ನಿಂದ ಕರೆಸಿದ ಉಪನ್ಯಾಸಕ ಶಶಿಭೂಷಣ ದತ್ತ ಒಬ್ಬರು. ನಮ್ಮ ದೇಶದ ಮೊದಲ ಮಹಿಳಾ ಕಾಲೇಜು ಹೀಗೆ ಒಬ್ಬ ಹುಡುಗಿಗಾಗಿ ಹುಟ್ಟಿತು. ಚಂದ್ರಮುಖಿಗೆ ಮೊದಲು ಅಲ್ಲಿ ಜಾಗವಿರಲಿಲ್ಲ. ಹಿಂದೂ ಹುಡುಗಿಯರಿಗೆ ಮಾತ್ರ ಎಂಬ ನಿಯಮ. ಆಕೆ ಮಿಷನರಿ ಕಾಲೇಜಿನಿಂದ ಎಫ್.ಎ. ಮುಗಿಸಿದಳು, ಬಿ.ಎ. ಹೊತ್ತಿಗೆ ನಿಯಮ ಸಡಿಲಿ, ಇಬ್ಬರೂ ಬೆಥೂನಿನಲ್ಲಿ ಒಟ್ಟಿಗೆ ಓದಿದರು. 1883ರ ಘಟಿಕೋತ್ಸವದಲ್ಲಿ ಇಬ್ಬರೂ ಪದವಿ ಪಡೆದರು. ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಮೊದಲ ಪದವೀಧರೆಯರು ಎಂದು ಹೆಮ್ಮೆಯಿಂದ ಬರೆಯುವುದುಂಟು. ಅದು ಸರಿಯಲ್ಲ, ನ್ಯೂಜಿಲೆಂಡಿನ ಕೇಟ್ ಎಡ್ಜರ್ 1877ರಲ್ಲೇ ಬಿ.ಎ. ಆಗಿದ್ದರು. ಭಾರತದಲ್ಲಿ ಮೊದಲಿಗರು ಎಂಬುದಷ್ಟೇ ಸಾಕು, ಅದೇನು ಸಣ್ಣದಲ್ಲ. ಚಂದ್ರಮುಖಿ 1884ರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದಾಗ ಮುದುಕರಾಗಿದ್ದ ವಿದ್ಯಾಸಾಗರರು ಶೇಕ್ಸ್‌ಪಿಯರನ ಸಂಪುಟ ಉಡುಗೊರೆಯಾಗಿ ಕಳಿಸಿದರು. ಆಕೆ ಬೆಥೂನಿನಲ್ಲೇ ಉಪನ್ಯಾಸಕಿಯಾಗಿ, 1888ರಲ್ಲಿ ಪ್ರಾಂಶುಪಾಲೆಯಾದರು. ಒಂದು ಕಾಲಕ್ಕೆ ಒಳಗೇ ಬಿಟ್ಟುಕೊಳ್ಳದ ಸಂಸ್ಥೆಯ ಕುರ್ಚಿ ಅವರದಾಯಿತು.

ಕಾದಂಬಿನಿಗೆ ಡಾಕ್ಟರಾಗಬೇಕಿತ್ತು. ಕಲ್ಕತ್ತ ಮೆಡಿಕಲ್ ಕಾಲೇಜು ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ದುರ್ಗಾಮೋಹನರ ಇನ್ನೊಬ್ಬ ಮಗಳು ಅಬಲಾ 1882ರಲ್ಲಿ ವೈದ್ಯ ಓದಲು ಮದರಾಸಿಗೆ ಹೋಗಬೇಕಾಯಿತು. ಅಲ್ಲಿನ ಕಾಲೇಜು 1875ರಿಂದಲೇ ಹೆಂಗಸರಿಗೆ ತೆರೆದಿತ್ತು. ಹಿಂದುಸ್ತಾನದ ರಾಜಧಾನಿ ಎಂದು ಮೆರೆಯುತ್ತಿದ್ದ ಕಲ್ಕತ್ತೆಗೆ ಇದು ನಾಚಿಕೆಯ ಸಂಗತಿ. 1883ರಲ್ಲಿ ಅಲ್ಲಿಯೂ ಬಾಗಿಲು ತೆರೆಯಿತು. ಅದೇ ವರ್ಷ ಜೂನಿನಲ್ಲಿ ಕಾದಂಬಿನಿ ತಮ್ಮ ಮೇಷ್ಟರಾಗಿದ್ದ, ಹೆಂಡತಿಯನ್ನು ಕಳೆದುಕೊಂಡಿದ್ದ ದ್ವಾರಕಾನಾಥರನ್ನು ಮದುವೆಯಾದರು. ಸುಧಾರಕರೆನಿಸಿದ ಗೆಳೆಯರೂ ಮುಖ ತಿರುಗಿಸಿದರು. 1886ರಲ್ಲಿ ಒಂದು ಪ್ರಾಯೋಗಿಕ ಪರೀಕ್ಷೆಯಲ್ಲಿ ಆಕೆಯನ್ನು ಕೆಡವಿದ್ದರಿಂದ ಎಂ.ಬಿ. ಸಿಗದೆ, ಕಾಲೇಜಿನ ಡಿಪ್ಲೊಮಾ ಹಿಡಿದು ವೃತ್ತಿಗೆ ಇಳಿದರು. ಅಮೆರಿಕದಲ್ಲಿ ಓದಿದ ಆನಂದಿಬಾಯಿ ಜೋಶಿ ಅದೇ ವರ್ಷ ಪದವಿ ಪಡೆದು, ಮರುವರ್ಷ ರೋಗಿಗಳನ್ನು ನೋಡುವ ಮುನ್ನವೇ ತೀರಿಹೋದರು. ಹಾಗಾಗಿ ನಮ್ಮ ನೆಲದಲ್ಲಿ ಪಾಶ್ಚಾತ್ಯ ವೈದ್ಯ ಕಲಿತು, ನಮ್ಮ ನೆಲದಲ್ಲಿ ವರ್ಷಗಟ್ಟಲೆ ಆ ವೃತ್ತಿ ನಡೆಸಿದ ಮೊದಲಿಗರಲ್ಲಿ ಕಾದಂಬಿನಿ ನಿಲ್ಲುತ್ತಾರೆ. ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಅವರಿಗೆ ತಿಂಗಳಿಗೆ 300 ರೂಪಾಯಿ ಸಂಬಳ. ಓದುವಾಗಲೇ ಹೆತ್ತು, ಬಾಣಂತನಕ್ಕೆ ಹದಿಮೂರು ದಿನ ಮಾತ್ರ ರಜೆ ತೆಗೆದುಕೊಂಡ ಈ ಹೆಣ್ಣು ಯಾರು ಎಂದು ಫ್ಲಾರೆನ್ಸ್ ನೈಟಿಂಗೇಲ್ 1888ರಲ್ಲಿ ಪತ್ರ ಬರೆದು ವಿಚಾರಿಸಿದರು.

1891ರಲ್ಲಿ ‘ಬಂಗವಾಸಿ’ ಎಂಬ ಸಂಪ್ರದಾಯವಾದಿ ಪತ್ರಿಕೆ, ರಾತ್ರಿ ಹೊತ್ತು ರೋಗಿಗಳ ಮನೆಗೆ ಹೋಗುವ ಈ ಡಾಕ್ಟರರ ನಡತೆಯ ಮೇಲೆ ಕೆಸರೆರಚಿತು. ಗಂಡಹೆಂಡಿರು ಸುಮ್ಮನಿರಲಿಲ್ಲ. ಕೋರ್ಟಿಗೆ ಎಳೆದರು. ಸಂಪಾದಕನಿಗೆ 100 ರೂಪಾಯಿ ದಂಡ, ಆರು ತಿಂಗಳ ಸಜೆ ಆಯಿತು. ಎರಡು ವರ್ಷದ ನಂತರ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಎಡಿನ್‌ಬರೋಗೆ ಹೋದ ಕಾದಂಬಿನಿ ಮೂರು ಡಿಪ್ಲೊಮಾ ಹಿಡಿದು ಮರಳಿದರು. ಕಲ್ಕತ್ತೆ ಆಕೆಗೆ ಎಂ.ಬಿ. ಕೊಡಲು ಹಿಂದೆಗೆದಿತ್ತು.

ಕಾದಂಬಿನಿ ಪದವಿ ಪಡೆದ 1883ರಲ್ಲೇ ಶಾಲೆಯ ಅಂಗಳಕ್ಕೆ ರಾಜಕೀಯ ಬಂತು. ಜಿಲ್ಲೆಗಳಲ್ಲಿ ಯುರೋಪಿಯನ್ನರ ಮೇಲಿನ ಮೊಕದ್ದಮೆಗಳನ್ನು ಭಾರತೀಯ ಅಧಿಕಾರಿಗಳೂ ವಿಚಾರಿಸಬಹುದು ಎನ್ನುವ ಇಲ್ಬರ್ಟ್ ಮಸೂದೆ ಆ ವರ್ಷ ಮಂಡನೆಯಾಯಿತು. ಬೆಥೂನರ ‘ಕರಾಳ ಕಾಯಿದೆ’ಯ ಜಗಳವೇ ಬೇರೆ ವೇಷ ಹಾಕಿಕೊಂಡು ಬಂದಂತಿತ್ತು. ಬಿಳಿಯರ ಪ್ರತಿಭಟನೆಯ ಗದ್ದಲದಲ್ಲಿ ‘ಇಂಗ್ಲಿಷ್‌ಮನ್’ ಪತ್ರಿಕೆಗೆ ಒಂದು ಕಾಗದ ಬಂತು. ತಮ್ಮ ಹೆಂಗಸರನ್ನೇ ಅಜ್ಞಾನದಲ್ಲಿಟ್ಟ ಜನ ಇಂಗ್ಲಿಷ್ ಹೆಂಗಸರ ಮೇಲೆ ತೀರ್ಪು ಕೊಡುವುದೇ ಎಂಬುದು ಅದರ ತಾತ್ಪರ್ಯ. ಬರೆದವರು ಆನೆಟ್ ಬೆವರಿಜ್, ಅಂದರೆ ಹತ್ತು ವರ್ಷ ಹಿಂದೆ ಬಂಗಾಳಿ ಹುಡುಗಿಯರಿಗೆ ವಸತಿಶಾಲೆ ತೆರೆದ ಅದೇ ಆನೆಟ್ ಅಕ್ರಾಯ್ಡ್. ಅವರ ಗಂಡ, ಜಡ್ಜ್ ಹೆನ್ರಿ ಬೆವರಿಜ್, ಮಸೂದೆಯ ಪರ ಇದ್ದರು ಎಂಬುದೊಂದು ತಮಾಷೆ. ಆಕೆ ನೆಟ್ಟ ಸಸಿಯೇ ಬೆಳೆದು ಸೇರಿಕೊಂಡಿದ್ದ ಬೆಥೂನಿನಲ್ಲಿ ಹುಡುಗಿಯರು ಮಸೂದೆಯ ಪರ ನಿಂತರು. ಮುಂದೆ ನಿಂತವಳು ಕಾಮಿನಿ ಸೇನ್, ಹದಿನೆಂಟರ ಹುಡುಗಿ. ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಗೆಂದು ರಾಷ್ಟ್ರೀಯವಾದಿ ನಾಯಕ ಸುರೇಂದ್ರನಾಥ ಬ್ಯಾನರ್ಜಿಯವರನ್ನು ಜೈಲಿಗೆ ಹಾಕಿದಾಗ ಬೆಥೂನಿನ ಹುಡುಗಿಯರು ಕಪ್ಪು ರಿಬ್ಬನ್ ಕಟ್ಟಿಕೊಂಡು ಬಂದರು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳು ಸರ್ಕಾರದ ವಿರುದ್ಧ ಗುರುತು ಧರಿಸಿ ತರಗತಿಯಲ್ಲಿ ಕೂತದ್ದು ಅದಕ್ಕೆ ಮೊದಲು ಎಲ್ಲಿಯಾದರೂ ನಡೆದಿತ್ತೇ, ನಾನು ಕೇಳಿಲ್ಲ.

ಕಾಮಿನಿ 1886ರಲ್ಲಿ ಸಂಸ್ಕೃತದಲ್ಲಿ ಆನರ್ಸ್ ಪದವಿ ಪಡೆದು ಅದೇ ಶಾಲೆಯಲ್ಲಿ ಪಾಠ ಹೇಳಿದರು. 1889ರಲ್ಲಿ ಮೊದಲ ಕವಿತಾಸಂಕಲನ ‘ಆಲೋ ಓ ಛಾಯಾ’ ಬಂತು. ಕಾಮಿನಿ ರಾಯ್ ಎಂದರೆ ಬಂಗಾಳದಲ್ಲಿ ಇಂದಿಗೂ ಶಾಲಾಮಕ್ಕಳಿಗೆ ಗೊತ್ತು. ಹೆಂಗಸರಿಗೆ ಮತದ ಹಕ್ಕಿಗಾಗಿ ಹೋರಾಡಿದವರಲ್ಲೂ ಅವರು ಮುಂದಿದ್ದರು. ಬಂಗಾಳದಲ್ಲಿ ಆ ಹಕ್ಕು 1925ರಲ್ಲಿ ಸಿಕ್ಕಿತು. ಅದಕ್ಕೆ ಮೂರು ವರ್ಷ ಮೊದಲು ಬಿಹಾರ, ಒಡಿಶಾದ ಗಣಿಗಳಲ್ಲಿ ದುಡಿಯುವ ಹೆಂಗಸರ ಸ್ಥಿತಿ ನೋಡಲು ಸರ್ಕಾರ ಕಳಿಸಿದವರಲ್ಲಿ ಕಾಮಿನಿ ಇದ್ದರು, ಅರುವತ್ತು ದಾಟಿದ್ದ ಕಾದಂಬಿನಿಯೂ ಇದ್ದರು. ಮರುವರ್ಷ ಅಕ್ಟೋಬರ್ 3ರಂದು ಕಾದಂಬಿನಿ ತೀರಿಕೊಂಡರು. ಮದರಾಸಿನಲ್ಲಿ ಕಾಯಿಲೆ ಬಿದ್ದು ವೈದ್ಯ ಓದನ್ನು ಬಿಟ್ಟ ಅಬಲಾ, ವಿಜ್ಞಾನಿ ಜಗದೀಶಚಂದ್ರ ಬೋಸರ ಹೆಂಡತಿಯಾಗಿ, 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿ, ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ವಿಧವೆಯರಿಗೆ ಶಿಕ್ಷಕಿ ತರಬೇತಿ ಕೊಡಿಸಿದರು. ಮೇರಿ ಕಾರ್ಪೆಂಟರ್ ಕೇಳಿದ್ದು, ವಿದ್ಯಾಸಾಗರರು ಆಗದು ಎಂದದ್ದು, ಹೀಗೆ ನಡೆಯಿತು. ಆ ವಿಧವೆಯರ ಮನೆಗೆ ಅಬಲಾ ಇಟ್ಟ ಹೆಸರು ‘ವಿದ್ಯಾಸಾಗರ ವಾಣಿ ಭವನ’.

ಕಪ್ಪು ರಿಬ್ಬನ್ ಕಟ್ಟಿದ ಚಿಕ್ಕ ಹುಡುಗಿಯರಲ್ಲಿ ರವೀಂದ್ರನಾಥ ಠಾಕೂರರ ಅಕ್ಕ ಸ್ವರ್ಣಕುಮಾರಿಯವರ ಮಗಳು ಸರಳಾ ಕೂಡ ಇದ್ದಳು. 1890ರಲ್ಲಿ ಇಂಗ್ಲಿಷ್ ಆನರ್ಸ್‌ನೊಂದಿಗೆ ಬಿ.ಎ. ಮುಗಿಸಿ ಹೆಣ್ಣುಮಕ್ಕಳಲ್ಲಿ ಮೊದಲಿಗಳಾಗಿ ಪದ್ಮಾವತಿ ಚಿನ್ನದ ಪದಕ ಗೆದ್ದ ಈಕೆ ಕನ್ನಡಿಗರಿಗೆ ಹತ್ತಿರದವರು. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಗಂಡಸರಂತೆ ತಾನೂ ದುಡಿದು ತಿನ್ನಬೇಕು, ಮನೆಯೆಂಬ ಪಂಜರದಿಂದ ಹೊರಗೆ ಬರಬೇಕು ಎಂಬ ಹಟದಿಂದ 1890ರ ದಶಕದ ನಡುವೆ ಮೈಸೂರಿಗೆ ಬಂದು ಮಹಾರಾಣಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಅಂಬಳೆ ನರಸಿಂಹ ಅಯ್ಯಂಗಾರರು ಅರಮನೆಯ ಬೆಂಬಲದಿಂದ 1881ರಲ್ಲಿ ಕಟ್ಟಿದ ಶಾಲೆ ಅದು. ಬೆಥೂನಿನ ತೊಂದರೆಗಳೇ ಅಲ್ಲಿಯೂ ಇದ್ದವು: ಹುಡುಗಿಯರನ್ನು ಮನೆಯಿಂದ ಕರೆತರಲು ಗಾಡಿ ಕಳಿಸಬೇಕು, ಮದುವೆಯಾದೊಡನೆ ಬಿಡಿಸುವ ತಂದೆಯರೊಡನೆ ಗುದ್ದಾಡಬೇಕು. ಮೈಸೂರಿನಲ್ಲಿ ಸರಳಾದೇವಿ ಹೆಚ್ಚು ದಿನ ಉಳಿಯಲಿಲ್ಲ. ಒಂದು ರಾತ್ರಿ ಅವರಿದ್ದ ಮನೆಗೆ ಯಾರೋ ಪುಂಡ ನುಗ್ಗಿದ. ಸುದ್ದಿ ಕಲ್ಕತ್ತೆಗೆ ಮುಟ್ಟಿ, ಅನುಕೂಲಸ್ಥರ ಮನೆಯ ಹುಡುಗಿ ಪರದೇಶಕ್ಕೆ ಹೋಗಿ ದುಡಿಯುವ ದರ್ದು ಏನಿತ್ತು ಎಂದು ಅಲ್ಲಿನ ಪತ್ರಿಕೆ ಕೇಳಿತು. ಅವರು ಹಿಂತಿರುಗಿದರು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ: ಇಲ್ಲಿ ಕೇಳಿ ಕಲಿತ ಹಾಡುಗಳ ಮಟ್ಟುಗಳನ್ನು ಸೋದರಮಾವನಿಗೆ ಒಪ್ಪಿಸಿದರು. ‘ಆನಂದಲೋಕೆ ಮಂಗಳಾಲೋಕೆ’ಯಂಥ ರವೀಂದ್ರಗೀತೆಗಳು ಮೈಸೂರಿನಿಂದ ತಾವು ತಂದ ಮಟ್ಟುಗಳಿಂದ ಹುಟ್ಟಿದವೆಂದು ಆತ್ಮಕಥೆ ‘ಜೀವನೇರ್ ಝರಾಪಾತಾ’ದಲ್ಲಿ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲ ಹೆಸರುಗಳನ್ನು ಹೇಳುವಾಗ ಆ ಗಾಡಿ ಹತ್ತದವರನ್ನೂ ನೆನೆಯಬೇಕು. ಬಂಗಾಳದ ಜನರಲ್ಲಿ ಅರ್ಧದಷ್ಟು ಮುಸಲ್ಮಾನರು. ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಶಾಲೆಗೆ ಅವರ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಬಡ ಹಿಂದೂ ಜಾತಿಗಳಿಗೂ ಇರಲಿಲ್ಲ. ‘ಮರ್ಯಾದಸ್ಥರ ಮನೆ’ ಎಂಬ ಒಂದು ಮಾತು ಆ ಬಾಗಿಲು ಕಾಯುತ್ತಿತ್ತು. 1911ರಲ್ಲಿ ಬೇಗಂ ರೊಕೇಯಾ ಕಲ್ಕತ್ತೆಯಲ್ಲಿ ಎಂಟು ಮುಸಲ್ಮಾನ ಹುಡುಗಿಯರನ್ನು ಇಟ್ಟುಕೊಂಡು ಸಖಾವತ್ ಸ್ಮಾರಕ ಶಾಲೆ ತೆರೆದಾಗ, ಬೆಥೂನರು 62 ವರ್ಷ ಹಿಂದೆ ಪಟ್ಟ ಪಾಡನ್ನೆಲ್ಲ ಮೊದಲಿನಿಂದ ಪಡಬೇಕಾಯಿತು. ಪರದೆ ಕಟ್ಟಿದ ಗಾಡಿಯೊಳಗೆ ಗಾಳಿಯಿಲ್ಲದೆ ಹುಡುಗಿಯರು ಮೂರ್ಛೆ ಹೋಗುತ್ತಿದ್ದರು, ಪರದೆ ಸರಿಸಿದರೆ ಬೈಗುಳದ ಕಾಗದ ಬರುತ್ತಿತ್ತು. ಆಕೆಗೆ ಡಾಲ್‌ಹೌಸಿಯಂಥವರ ಜೇಬಿನ ಆಸರೆ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದ ಹೊತ್ತಿಗೆ ಬೆಥೂನ್ ಹುಡುಗಿಯರ ಬಳಗ ಬೇರೆಯಾಗಿತ್ತು. ಢಾಕಾ, ಚಿತ್ತಗಾಂಗ್, ಬಾರಿಸಾಲದಿಂದ ಬಂದು ಹಾಸ್ಟೆಲಿನಲ್ಲಿ ಉಳಿದು ಓದುವವರು ಬಂದರು. 1921ರಲ್ಲಿ ಬೆಥೂನಿನಿಂದ ಬಿ.ಎ. ಮುಗಿಸಿದ ಲೀಲಾ ನಾಗ್, ಹೊಸದಾಗಿ ತೆರೆದ ಢಾಕಾ ವಿಶ್ವವಿದ್ಯಾಲಯಕ್ಕೆ ಹಟ ಹಿಡಿದು ಸೇರಿದರು. ಮುಂದೆ ಸಂವಿಧಾನ ಸಭೆಯ ಸದಸ್ಯೆಯಾದರು. 1928ರಲ್ಲಿ ಸೈಮನ್ ಆಯೋಗದ ವಿರುದ್ಧ ಹರತಾಳ ನಡೆದಾಗ ಬೆಥೂನಿನ ಹುಡುಗಿಯರು ತರಗತಿ ಬಿಟ್ಟರು. ಕ್ಷಮೆ ಕೇಳಿ ಎಂದರು ಪ್ರಾಂಶುಪಾಲೆ, ಹುಡುಗಿಯರು ಬಗ್ಗಲಿಲ್ಲ. ಅದೇ ವರ್ಷ ಕಲ್ಯಾಣಿ ದಾಸ್ ಮತ್ತು ಗೆಳತಿಯರು ‘ಛಾತ್ರಿ ಸಂಘ’ ಕಟ್ಟಿ ಈಜು, ಸೈಕಲ್, ಲಾಠಿ ಕಲಿಸತೊಡಗಿದರು. ಕಲ್ಯಾಣಿಯ ತಂಗಿ ಬೀನಾ ಬೆಥೂನಿನಲ್ಲಿದ್ದಳು. ತಂದೆ ಬೇಣಿಮಾಧವ ದಾಸ್, ಕಟಕ್‌ನಲ್ಲಿ ಸುಭಾಷಚಂದ್ರ ಬೋಸರ ಮೇಷ್ಟರಾಗಿದ್ದವರು.

1932ರ ಫೆಬ್ರುವರಿ 6ರಂದು ಕಲ್ಕತ್ತ ವಿಶ್ವವಿದ್ಯಾಲಯದ ಘಟಿಕೋತ್ಸವ. ಬೀನಾ ದಾಸ್ ಇಂಗ್ಲಿಷ್ ಆನರ್ಸ್ ಪದವಿ ತೆಗೆದುಕೊಳ್ಳಲು ಗೌನು ಧರಿಸಿ ಕೂತಿದ್ದಳು. ಗೌನಿನ ಮರೆಯಲ್ಲಿ ರಿವಾಲ್ವರ್ ಇತ್ತು. ಅದನ್ನು ಒದಗಿಸಿದವರು ಕಮಲಾ ದಾಸ್‌ಗುಪ್ತ, ಅವರೂ ಬೆಥೂನಿನವರೇ. ಬೆಲೆ 280 ರೂಪಾಯಿ. ಕುಲಾಧಿಪತಿಯೂ ಬಂಗಾಳದ ಗವರ್ನರೂ ಆಗಿದ್ದ ಸ್ಟಾನ್ಲಿ ಜಾಕ್ಸನ್ ಭಾಷಣಕ್ಕೆ ನಿಂತರು. 1905ರಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿದ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕ ಆತ. ಬೀನಾ ಎದ್ದು ಮುಂದೆ ಬಂದು ಐದು ಗುಂಡು ಹಾರಿಸಿದಳು. ಒಂದೂ ಗವರ್ನರಿಗೆ ತಾಗಲಿಲ್ಲ. ಕುಲಪತಿ ಹಸನ್ ಸುಹ್ರಾವರ್ದಿ ಆಕೆಯ ಮೇಲೆ ಬಿದ್ದು ಹಿಡಿದರು, ಅದಕ್ಕೆ ಅವರಿಗೆ ‘ಸರ್’ ಪದವಿ ಸಿಕ್ಕಿತು. ಬೀನಾಗೆ ಒಂಬತ್ತು ವರ್ಷ ಕಠಿಣ ಸಜೆ. ಗುರಿ ತಪ್ಪಿದ್ದಕ್ಕೆ ನಾನಂತೂ ಮರುಗುವುದಿಲ್ಲ. ಆದರೆ ಒಂದು ಸರ್ಕಾರ ಎಪ್ಪತ್ತಾರು ವರ್ಷ ದುಡ್ಡು ಹಾಕಿ ನಡೆಸಿದ ಶಾಲೆಯ ಹುಡುಗಿ ಆ ಸರ್ಕಾರದ ಬಗ್ಗೆ ಏನು ತೀರ್ಮಾನಕ್ಕೆ ಬಂದಳು ಎಂಬುದು ಆ ಸಭೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ಅದೇ ವರ್ಷ ಬೆಥೂನಿನಿಂದ ತತ್ತ್ವಶಾಸ್ತ್ರದಲ್ಲಿ ಬಿ.ಎ. ಪಾಸಾದವಳು ಪ್ರೀತಿಲತಾ ವಾದ್ದೇದಾರ್. ಅವಳೂ ಅವಳಿಗಿಂತ ಎರಡು ವರ್ಷ ಚಿಕ್ಕವಳಾದ ಕಲ್ಪನಾ ದತ್ತಳೂ ಬೆಥೂನಿಗೆ ಬರುವ ಮೊದಲು ಚಿತ್ತಗಾಂಗಿನ ಇನ್ನೊಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಓದಿದವರು. ಯಾತ್ರಾಮೋಹನ ಸೇನ್ ಎಂಬ ವಕೀಲರು ಮಾವ ಡಾಕ್ಟರ್ ಖಾಸ್ತಗೀರರ ಹೆಸರಿನಲ್ಲಿ ಕಟ್ಟಿದ ಶಾಲೆ ಅದು. ಗರ್ಲ್ ಗೈಡ್ಸ್‌ನಲ್ಲಿ ದೇವರಿಗೂ ಚಕ್ರವರ್ತಿಗೂ ನಿಷ್ಠಳಾಗಿರುತ್ತೇನೆ ಎಂದು ಪ್ರಮಾಣ ಮಾಡಿಸುವಾಗ, ಚಕ್ರವರ್ತಿಯ ಜಾಗದಲ್ಲಿ ದೇಶ ಎಂದು ಏಕೆ ಹೇಳಬಾರದು ಎಂದು ತಾವು ಮಾತಾಡಿಕೊಳ್ಳುತ್ತಿದ್ದುದನ್ನು ಕಲ್ಪನಾ ನೆನಪಿಸಿಕೊಂಡಿದ್ದಾರೆ. 1932ರ ಸೆಪ್ಟೆಂಬರ್ 24ರ ರಾತ್ರಿ ಪ್ರೀತಿಲತಾ ಕ್ರಾಂತಿಕಾರಿ ಸೂರ್ಯಸೇನರ ತಂಡದ ಮುಂದಾಳಾಗಿ ಪಹಾಡತಲಿಯ ಯುರೋಪಿಯನ್ ಕ್ಲಬ್ಬಿನ ಮೇಲೆ ದಾಳಿ ನಡೆಸಿದಳು. ಗಾಯಗೊಂಡಾಗ ಸೆರೆ ಸಿಕ್ಕಬಾರದೆಂದು ಸಯನೈಡ್ ನುಂಗಿ ಪ್ರಾಣ ಬಿಟ್ಟಳು. ಇಪ್ಪತ್ತೊಂದು ವರ್ಷ. ಕಲ್ಪನಾಗೆ ಮರುವರ್ಷ ಜೀವಾವಧಿ ಶಿಕ್ಷೆಯಾಯಿತು, 1939ರಲ್ಲಿ ಬಿಡುಗಡೆ. ಬೀನಾ ಮತ್ತು ಪ್ರೀತಿಲತಾ ಇಬ್ಬರ ಪದವಿಯನ್ನೂ ವಿಶ್ವವಿದ್ಯಾಲಯ ತಡೆಹಿಡಿಯಿತು.

ಬಂದೂಕು ಹಿಡಿದವರ ಕತೆ ಬೇಗ ಹಬ್ಬುತ್ತದೆ. ಅದೇ ದಶಕದಲ್ಲಿ ಅದೇ ಶಾಲೆಯಲ್ಲಿ ತಲೆ ತಗ್ಗಿಸಿ ಓದುತ್ತಿದ್ದ ಅಸೀಮಾ ಮುಖರ್ಜಿ ಎಂಬ ಹುಡುಗಿ ಮುಂದೆ ರಸಾಯನ ವಿಜ್ಞಾನಿ ಅಸೀಮಾ ಚಟರ್ಜಿಯಾಗಿ, 1944ರಲ್ಲಿ ಭಾರತದ ವಿಶ್ವವಿದ್ಯಾಲಯವೊಂದರಿಂದ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯಾದರು. ನಿತ್ಯಪುಷ್ಪದ ಆಲ್ಕಲಾಯ್ಡ್‌ಗಳ ಮೇಲೆ, ಅಪಸ್ಮಾರದ ಔಷಧಗಳ ಮೇಲೆ ಬದುಕಿಡೀ ದುಡಿದರು.

ಶಾಲೆ ಮತ್ತು ಕಾಲೇಜು ಇಂದಿಗೂ ಅದೇ ಆವರಣದಲ್ಲಿವೆ, ಇಂದಿಗೂ ಸರ್ಕಾರದವು. ಬೀದಿಯ ಹೆಸರು ಮಾತ್ರ ಬಿಧಾನ್ ಸರಣಿ ಎಂದಾಗಿದೆ. ಬೀನಾ ದಾಸ್ ಜೈಲಿನಿಂದ ಹೊರಬಂದು, 1942ರ ಚಳವಳಿಯಲ್ಲಿ ಮತ್ತೆ ಒಳಹೋಗಿ, 1960ರಲ್ಲಿ ಪದ್ಮಶ್ರೀ ಪಡೆದು, 1986ರ ಡಿಸೆಂಬರಿನಲ್ಲಿ ಹೃಷಿಕೇಶದಲ್ಲಿ ಕೈಯಲ್ಲಿ ಕಾಸಿಲ್ಲದ, ಯಾರೂ ಗುರುತಿಸದ ಮುದುಕಿಯಾಗಿ ಸತ್ತರು. ಕಲ್ಕತ್ತ ವಿಶ್ವವಿದ್ಯಾಲಯ ಆಕೆಯ ಮತ್ತು ಪ್ರೀತಿಲತಾಳ ಪದವಿ ಪ್ರಮಾಣಪತ್ರಗಳನ್ನು ಕೊಟ್ಟದ್ದು 2012ರಲ್ಲಿ. ಸ್ವಾತಂತ್ರ್ಯ ಬಂದ ಮೇಲೂ ಅದಕ್ಕೆ 65 ವರ್ಷ ಬೇಕಾಯಿತು.